ಪ್ರೌಢಶಾಲೆಯ ಹೊಸ್ತಿಲಲ್ಲಿ ನಮ್ಮ ಮಕ್ಕಳು

(ಮುಂಬಯಿಯಲ್ಲಿ ನಡೆದ ಕನ್ನಡ ಪಾಲಕರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಪ್ರತಿವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭಗಳು ಸಾಲಾಗಿ ನಡೆಯುತ್ತವೆ. ಅದು ಒಳ್ಳೆಯ ಪದ್ಧತಿ, ನಡೆಯುತ್ತಲೇ ಇರಬೇಕು. ಆದರೆ ಬಹಳ ವರ್ಷ ಶಿಕ್ಷಕನಾಗಿದ್ದ ನನಗೆ, ವೇದಿಕೆಯೇರಿದ ಮಕ್ಕಳನ್ನು ಕಂಡಾಗಲೆಲ್ಲ, ಒಂದು ಕಾಲಕ್ಕೆ ಅವರ ಬೆಂಚಿನಲ್ಲೇ ಕುಳಿತಿದ್ದು ಇಲ್ಲಿಯವರೆಗೆ ಬಾರದೆ ಉಳಿದವರ ನೆನಪಾಗುತ್ತದೆ. ಅವರಲ್ಲಿ ಹಲವರು ಹತ್ತನೆಯ ತರಗತಿಯಲ್ಲಿ ಸೋತವರಲ್ಲ. ಪ್ರೌಢಶಾಲೆಗೆ ಕಾಲಿಟ್ಟ ಮೊದಲ ವರ್ಷದಲ್ಲೇ ಕಳೆದುಹೋದವರು. ಇಂದು ನಾನು ಮಾತನಾಡಬೇಕೆಂದಿರುವುದು ಅವರನ್ನು ಕುರಿತು.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಇಂದು ಈ ಶಾಲೆಗಳಿಗೆ ಬರುವವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಗಳಿಂದ ಬಂದು ಕಟ್ಟಡದ ಕೆಲಸದಲ್ಲೋ ಮನೆಗೆಲಸದಲ್ಲೋ ತೊಡಗಿದವರ ಮಕ್ಕಳು. ಏಳನೆಯ ಅಥವಾ ಎಂಟನೆಯ ತರಗತಿ ಮುಗಿದೊಡನೆ ಇವರ ಕನ್ನಡ ಶಾಲೆ ಮುಗಿಯುತ್ತದೆ. ಕನ್ನಡ ಮಾಧ್ಯಮದ ಪ್ರೌಢಶಾಲೆಗಳು ಕೆಲವೇ. ಅವು ಎಲ್ಲರ ಮನೆಗೂ ಹತ್ತಿರವಿಲ್ಲ. ಆದ್ದರಿಂದ ಹದಿಮೂರು-ಹದಿನಾಲ್ಕು ವರ್ಷದ ಮಗು ಜೂನ್ ತಿಂಗಳ ಮಳೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದ ಶಾಲೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಸಂವಿಧಾನವಾದರೂ ಈ ಮಗುವಿನ ಜೊತೆ ಎಲ್ಲಿಯವರೆಗೆ ಬರುತ್ತದೆ? ಭಾಷಾವಾರು ಪ್ರಾಂತಗಳ ರಚನೆಯಾದ 1956ರಲ್ಲಿ, ಏಳನೆಯ ತಿದ್ದುಪಡಿಯ ಮೂಲಕ 350-ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ಆ ರಕ್ಷಣೆಯೂ ಎಂಟನೆಯ ತರಗತಿಗೆ ನಿಲ್ಲುತ್ತದೆ. ಕಾನೂನು ಕೈ ಬಿಡುವ ಜಾಗದಲ್ಲೇ ಮಗುವಿನ ಭಾಷೆಯೂ ಬದಲಾಗುತ್ತದೆ, ಶಾಲೆಯೂ ಬದಲಾಗುತ್ತದೆ. ಅಲ್ಲಿ ನಿಂತಿರಬೇಕಾದವರು ನಾವು.

ಶಾಲೆಯ ಒಳಗೆ ಏನಾಗುತ್ತದೆಂಬುದನ್ನು ನೋಡೋಣ. ಮೊದಲ ದಿನದ ಹಾಜರಿಯಲ್ಲೇ ಪೆಟ್ಟು ಬೀಳುತ್ತದೆ. ಮಹಾರಾಷ್ಟ್ರದ ಶಾಲಾ ದಾಖಲೆಗಳಲ್ಲಿ ಮೊದಲು ಅಡ್ಡಹೆಸರು, ನಂತರ ಮಗುವಿನ ಹೆಸರು, ಆಮೇಲೆ ತಂದೆಯ ಹೆಸರು. ಊರಿನಲ್ಲಿ ಅಡ್ಡಹೆಸರಿನ ಬಳಕೆಯೇ ಇಲ್ಲದ ಮನೆಯವರು ಅರ್ಜಿ ತುಂಬುವಾಗ ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಬರೆಸಿರುತ್ತಾರೆ. ಹೊಸ ಶಿಕ್ಷಕರು ಆ ಹೆಸರನ್ನು ಕೂಗಿದಾಗ ಅದು ತನ್ನದೇ ಎಂದು ಮಗುವಿಗೆ ಹೊಳೆಯುವುದಿಲ್ಲ. ಎದುರಿಗೇ ಕುಳಿತಿದ್ದರೂ ಗೈರುಹಾಜರಿ ಬೀಳುತ್ತದೆ, ತರಗತಿ ನಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ ದಿನವಿಡೀ ಜೊತೆಗಿದ್ದ ಒಬ್ಬ ಅಕ್ಕೋರು ಮಗುವಿನ ಮುಖ ನೋಡಿಯೇ ಕಷ್ಟವನ್ನು ಅರಿಯುತ್ತಿದ್ದರು. ಇಲ್ಲಿ ಗಂಟೆಗೊಬ್ಬ ವಿಷಯ ಶಿಕ್ಷಕರು. ಅವರ ಮುಂದೆ ಅರುವತ್ತು ತಲೆಗಳು. ಯಾರನ್ನು ಕೇಳಬೇಕೆಂಬುದೇ ಮಗುವಿಗೆ ತಿಳಿಯದು.

ಇನ್ನು ಪಾಠದ ಮಾತು. ಮರಾಠಿ ನಮಗೆ ಹತ್ತಿರದ ಭಾಷೆ ಎಂದು ಸಮಾಧಾನಪಡುತ್ತೇವೆ. ಹತ್ತಿರವಿರುವುದರಿಂದಲೇ ಕೆಲವೆಡೆ ಕಾಲು ಜಾರುತ್ತದೆ. ಮರಾಠಿ ವಿಜ್ಞಾನದ ಪುಸ್ತಕದಲ್ಲಿ ಪ್ರಯೋಗವನ್ನು ‘ಕೃತಿ, ನಿರೀಕ್ಷಣ, ಅನುಮಾನ’ ಎಂಬ ಶೀರ್ಷಿಕೆಗಳ ಕೆಳಗೆ ಬರೆಯುತ್ತಾರೆ. ಮಾಡುವ ಕೆಲಸ, ಕಂಡದ್ದು, ಅದರಿಂದ ತಿಳಿದದ್ದು ಎಂದು ಅದರ ಅರ್ಥ. ಕನ್ನಡದ ಮಗುವಿಗಾದರೋ ಕೃತಿ ಎಂದರೆ ಗ್ರಂಥ, ನಿರೀಕ್ಷಣ ಎಂದರೆ ನಿರೀಕ್ಷೆ, ಅನುಮಾನ ಎಂದರೆ ಸಂಶಯ. ತಾನು ಕಣ್ಣಾರೆ ಕಂಡ ಪ್ರಯೋಗದ ಕೊನೆಯಲ್ಲಿ ಸಂಶಯವನ್ನೇಕೆ ಬರೆಯಬೇಕೆಂದು ಅದು ತಬ್ಬಿಬ್ಬಾದರೆ ದಡ್ಡತನವೆನ್ನಬಹುದೇ? ಇಂಗ್ಲಿಷ್ ಮಾಧ್ಯಮಕ್ಕೆ ಹೋದವರ ಪಾಡು ಬೇರೆ. ಲಸಾಅ, ಮಸಾಅ ಲೆಕ್ಕಗಳನ್ನು ಬೆರಳ ತುದಿಯಲ್ಲಿ ಮಾಡುವ ಹುಡುಗಿ ‘ಎಲ್.ಸಿ.ಎಂ.’ ಎಂಬ ಮೂರಕ್ಷರದ ಮುಂದೆ ಪೆನ್ಸಿಲು ಕೆಳಗಿಡುತ್ತಾಳೆ. ದ್ಯುತಿಸಂಶ್ಲೇಷಣೆಯ ಚಿತ್ರ ಬರೆದು ವಿವರಿಸಬಲ್ಲವನು ‘ಫೋಟೋಸಿಂಥೆಸಿಸ್’ ಎಂಬ ಪದವನ್ನು ಹೊಸ ಪಾಠವೆಂದೇ ತಿಳಿಯುತ್ತಾನೆ.

ಬಂಧುಗಳೇ, ನಾನು ಒತ್ತಿ ಹೇಳಬೇಕಾದ ಮಾತು ಇದು. ಈ ಮಕ್ಕಳಲ್ಲಿ ಬಹುಮಂದಿಗೆ ವಿಷಯ ಗೊತ್ತಿದೆ, ವಿಷಯದ ಹೊಸ ಹೆಸರು ಗೊತ್ತಿಲ್ಲ. ಹೆಸರು ಕಲಿಸುವುದು ಕೆಲವು ವಾರಗಳ ಕೆಲಸ. ಆ ಕೆಲವು ವಾರ ಯಾರೂ ಜೊತೆಗಿಲ್ಲದಿದ್ದರೆ, ಗೊತ್ತಿದ್ದ ವಿಷಯವೂ ತನಗೆ ಗೊತ್ತಿಲ್ಲವೆಂದು ಮಗು ನಂಬಿಬಿಡುತ್ತದೆ. ಹಾಗೆ ನಂಬಿದ ಮಗು ಹಿಂದಿನ ಬೆಂಚಿಗೆ, ಅಲ್ಲಿಂದ ಮನೆಗೆ, ಮನೆಯಿಂದ ಕೂಲಿಗೆ ಹೋಗುತ್ತದೆ.

ನಮ್ಮಲ್ಲಿ ಕೆಲವರು, ‘ಅನ್ಯ ಮಾಧ್ಯಮಕ್ಕೆ ಹೋಗುವವರಿಗೆ ಕನ್ನಡ ಸಂಘವೇಕೆ ನೆರವಾಗಬೇಕು?’ ಎಂದು ಕೇಳುತ್ತಾರೆ. ಇನ್ನು ಕೆಲವರು, ‘ಮೊದಲಿನಿಂದಲೇ ಇಂಗ್ಲಿಷಿಗೆ ಹಾಕಿದ್ದರೆ ಈ ಪಾಡು ಇರುತ್ತಿರಲಿಲ್ಲ’ ಎನ್ನುತ್ತಾರೆ. ಮೊದಲನೆಯವರಿಗೆ ನನ್ನ ಉತ್ತರ: ಕನ್ನಡ ಶಾಲೆಯಿಂದ ಹೋದ ಮಕ್ಕಳು ಮುಂದೆ ಎಡವುತ್ತಾರೆಂಬ ಸುದ್ದಿ ಹಬ್ಬಿದರೆ, ಮರುವರ್ಷ ಕನ್ನಡದ ಒಂದನೆಯ ತರಗತಿಗೆ ಮಗುವನ್ನು ಸೇರಿಸುವವರು ಯಾರು? ಎರಡನೆಯವರಿಗೆ: ಮನೆಮಾತಿನಲ್ಲಿ ತಿಳಿದು ಕಲಿತ ಗಣಿತ ಕೈಯಲ್ಲಿರುವ ಬಂಡವಾಳ. ಹೊಸ ಊರಿಗೆ ಹೋದಾಗ ಅದನ್ನು ಅಲ್ಲಿನ ನಾಣ್ಯಕ್ಕೆ ಬದಲಿಸಿಕೊಡಬೇಕೇ ಹೊರತು ಎಸೆಯಬಾರದು. ಮರಾಠಿಯ ಬಗೆಗೂ ನಮಗೆ ಕಹಿ ಬೇಡ. 2020ರ ಕಾಯಿದೆ ಅದನ್ನು ಈ ರಾಜ್ಯದ ಶಾಲೆಗಳಲ್ಲಿ ಕಡ್ಡಾಯಗೊಳಿಸಿದೆ. ನಾವು ಬಾಳುತ್ತಿರುವ ನೆಲದ ಭಾಷೆ ಅದು. ಚೆನ್ನಾಗಿ ಬಂದರೆ ಮಗುವಿಗೆ ಬಲ.

ಹಾಗಾದರೆ ಮಾಡಬೇಕಾದುದೇನು? ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ.

ಮೊದಲನೆಯದು, ಪುಸ್ತಕ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆ ಗಣಿತ, ವಿಜ್ಞಾನಗಳ ಪಠ್ಯವನ್ನು ಮರಾಠಿ, ಇಂಗ್ಲಿಷ್‌ಗಳ ಜೊತೆಗೆ ಕನ್ನಡದಲ್ಲೂ ಪ್ರಕಟಿಸುತ್ತದೆ. ಪಾಠ ಅದೇ, ಚಿತ್ರವೂ ಅದೇ. ಮೇ ತಿಂಗಳ ರಜೆಯಲ್ಲಿ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು, ಮಗುವಿಗೆ ಗೊತ್ತಿರುವ ಪಾಠವನ್ನೇ ಹೊಸ ಭಾಷೆಯಲ್ಲಿ ಓದಿಸಬೇಕು. ಅಂಶ, ಛೇದ, ವ್ಯಾಸ, ತ್ರಿಜ್ಯ ಮುಂತಾದವು ಮರಾಠಿಯಲ್ಲೂ ಹೆಚ್ಚುಕಡಿಮೆ ಅವೇ ಎಂದು ಕಂಡಾಗ ಅರ್ಧ ಭಯ ಹೋಗುತ್ತದೆ. ಬೇರೆಯಾದ ಪದಗಳನ್ನು ಮಗು ತನ್ನ ಕೈಯಿಂದಲೇ ಒಂದು ಪುಟ್ಟ ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ.

ಎರಡನೆಯದು, ಹೆಸರು. ಶಾಲಾ ದಾಖಲೆಯಲ್ಲಿರುವ ತನ್ನ ಪೂರ್ಣ ಹೆಸರನ್ನು ಮರಾಠಿ ಉಚ್ಚಾರದಲ್ಲಿ ಕೇಳಿ, ಓಗೊಡಲು, ದೇವನಾಗರಿಯಲ್ಲಿ ಬರೆಯಲು ಮಗುವಿಗೆ ಮೊದಲೇ ಅಭ್ಯಾಸವಾಗಲಿ.

ಮೂರನೆಯದು, ಜೊತೆ. ಹೋದ ವರ್ಷ ಅದೇ ಶಾಲೆಗೆ ಸೇರಿದ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಗೊತ್ತುಮಾಡಿ, ಜೂನ್‌ನಿಂದ ಗಣೇಶ ಚತುರ್ಥಿಯವರೆಗಾದರೂ ಕೂಡಿ ಹೋಗಿಬರುವಂತೆ ಮಾಡಬೇಕು. ಯಾವ ಶಿಕ್ಷಕರನ್ನು ಯಾವಾಗ ಕೇಳಬೇಕು, ಪ್ರಯೋಗದ ವಹಿಯನ್ನು ಹೇಗೆ ಬರೆಯಬೇಕು ಎಂಬುದನ್ನು ಒಂದು ವರ್ಷ ಹಿರಿಯ ಮಗು ಹೇಳಿದಷ್ಟು ಚೆನ್ನಾಗಿ ನಾನೂ ಹೇಳಲಾರೆ.

ನಾಲ್ಕನೆಯದು, ಪಾಲಕರು. ದಿನಗೂಲಿಯ ತಾಯಿಗೆ ಶಾಲೆಯ ಪಾಲಕರ ಸಭೆಗೆ ಹೋಗಲು ಸಂಕೋಚ. ಅಲ್ಲಿನ ಮಾತು ತಿಳಿಯದು. ಸಂಘದ ಒಬ್ಬ ಸದಸ್ಯರು ಜೊತೆಗೆ ಹೋಗಿ ಕುಳಿತರೆ ಸಾಕು. ಈ ಮಗುವಿನ ಹಿಂದೆ ಜನರಿದ್ದಾರೆಂದು ಶಾಲೆಗೂ ತಿಳಿಯುತ್ತದೆ.

ಇದು ನಮಗೆ ಹೊಸ ಕೆಲಸವಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತ ಹುಡುಗರನ್ನು ಈ ನಗರದ ಕನ್ನಡ ಸಂಘಗಳೇ ಕೈಹಿಡಿದು ನಡೆಸಿದವು. ಹಾಗೆ ಕಲಿತು ಮೇಲೆ ಬಂದವರು ಈ ಸಭೆಯಲ್ಲೂ ಇದ್ದಾರೆ. ಅಂದು ಕರಾವಳಿಯ ಹುಡುಗರಿಗೆ ಸಿಕ್ಕ ಆಸರೆ ಇಂದು ಬಯಲುಸೀಮೆಯ ಕೂಲಿಕಾರರ ಮಕ್ಕಳಿಗೂ ಸಿಗಬೇಡವೇ?

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ಬಿನ್ನಹ ಇಷ್ಟೇ. ಏಪ್ರಿಲ್ ಮುಗಿಯುವುದರೊಳಗೆ ಸುತ್ತಲಿನ ಕನ್ನಡ ಶಾಲೆಗಳಿಗೆ ಹೋಗಿ, ಈ ವರ್ಷ ಹೊರಬೀಳುವ ಮಕ್ಕಳು ಯಾರು, ಯಾವ ಶಾಲೆಗೆ ಹೋಗುತ್ತಾರೆ ಎಂಬ ಪಟ್ಟಿಯನ್ನು ಮಾಡಿ. ಮೇ ತಿಂಗಳಲ್ಲಿ ಈ ಸಭಾಂಗಣವನ್ನು ದಿನಕ್ಕೆ ಎರಡು ಗಂಟೆ ಅವರಿಗಾಗಿ ತೆರೆದಿಡಿ. ಪಾಠ ಹೇಳಲು ನಾನು ಬರುತ್ತೇನೆ. ಇಲ್ಲಿರುವ ನಿವೃತ್ತ ಶಿಕ್ಷಕರೂ ಬರುತ್ತಾರೆಂಬ ನಂಬಿಕೆ ನನಗಿದೆ. ಸನ್ಮಾನದ ಹಾರ ಮೂರು ವರ್ಷದ ಆಮೇಲೆ ಆದೀತು, ಮೊದಲು ಪಟ್ಟಿಯಾಗಲಿ.