ಹಳೆಯ ಡೀಸೆಲ್ ಎಂಜಿನಿಗೆ ಹೊಸ ಬ್ಯಾಟರಿ

ಡೀಸೆಲ್ ರೈಲು ಎಂಜಿನು ಎಷ್ಟೇ ಬಲಶಾಲಿಯಾಗಿರಲಿ, ತಾನಾಗಿಯೇ ಎಚ್ಚರಗೊಳ್ಳಲಾರದು. ಉಗಿ ಎಂಜಿನಿನ ಮಾತು ಬೇರೆ. ಅಲ್ಲಿ ಬೆಂಕಿ ಹೊತ್ತಿಸಿ, ನೀರು ಕುದಿದು ಉಗಿಯ ಒತ್ತಡ ಏರುವ ತನಕ ಕಾದರೆ ಆಯಿತು. ಡೀಸೆಲಿನಲ್ಲಿ ಎಣ್ಣೆ ಹೊತ್ತಿಕೊಳ್ಳಬೇಕಾದರೆ ಸಿಲಿಂಡರಿನೊಳಗಿನ ಗಾಳಿಯನ್ನು ಅದುಮಿ ಕಾಯಿಸಬೇಕು. ಗಾಳಿಯನ್ನು ಅದುಮಬೇಕಾದರೆ ಎಂಜಿನು ಆಗಲೇ ತಿರುಗುತ್ತಿರಬೇಕು. ಆದ್ದರಿಂದ ಮೊದಲ ಕೆಲವು ಸುತ್ತುಗಳನ್ನು ಬೇರೊಬ್ಬರು ತಿರುಗಿಸಿಕೊಡಬೇಕು. ಆ ಕೆಲಸ ಬ್ಯಾಟರಿಯದು.

ಉದಾಹರಣೆಗೆ ನಮ್ಮ ದೇಶದ ಎಂಜಿನನ್ನೇ ತೆಗೆದುಕೊಳ್ಳೋಣ. ಡಬ್ಲ್ಯೂ.ಡಿ.ಎಂ. 2 ಎಂಬ ಹೆಸರು ನಿಮಗೆ ತಿಳಿಯದಿರಬಹುದು. ಅದರ ಗುಡುಗನ್ನು ಕೇಳದ ರೈಲು ಪ್ರಯಾಣಿಕರು ವಿರಳ. ಅಮೆರಿಕದ ಆಲ್ಕೊ ಸಂಸ್ಥೆ ರೂಪಿಸಿದ ಈ ಎಂಜಿನುಗಳು 1962ರಲ್ಲಿ ಇಲ್ಲಿಗೆ ಬರತೊಡಗಿದವು. 1964ರ ಜನವರಿಯಿಂದ ವಾರಾಣಸಿಯ ಕಾರ್ಖಾನೆಯೇ ಅವನ್ನು ಕಟ್ಟಿತು. ಹದಿನಾರು ಸಿಲಿಂಡರು, 2600 ಅಶ್ವಶಕ್ತಿ, ನೂರು ಟನ್ನಿಗೂ ಮೀರಿದ ತೂಕ. ಆಲ್ಕೊ 1969ರಲ್ಲಿ ರೈಲು ಎಂಜಿನು ಕಟ್ಟುವುದನ್ನು ನಿಲ್ಲಿಸಿತಾದರೂ ಅದರ ಸಂತತಿ ಇಲ್ಲಿ ದಶಕಗಳ ಕಾಲ ದುಡಿಯಿತು. ಈಗ ಅವುಗಳಿಗೆ ವಿಶ್ರಾಂತಿಯ ಕಾಲ. ಕೆಲವನ್ನು ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ಇಂಥ ಒಂದು ಹಳೆಯ ಎಂಜಿನನ್ನು ನೋಟಕ್ಕೆ ಮಾತ್ರವಲ್ಲದೆ ಓಡುವ ಸ್ಥಿತಿಯಲ್ಲೇ ಉಳಿಸಿಕೊಳ್ಳಬೇಕೆಂದು ಹೊರಟವರಿಗೆ ಮೊದಲ ದೊಡ್ಡ ಖರ್ಚುಗಳಲ್ಲಿ ಒಂದು ಬ್ಯಾಟರಿ. ಅದನ್ನು ಆರಿಸುವುದರಲ್ಲಿ ಎಡವಿದರೆ ಹೊಸ ಬ್ಯಾಟರಿಗಳ ಸಾಲು ವರ್ಷ ತುಂಬುವ ಮೊದಲೇ ಹಾಳಾಗುವುದುಂಟು.

ಈ ಎಂಜಿನಿಗೆ ಕಾರಿನಲ್ಲಿರುವಂತೆ ಬೇರೆ ಸ್ಟಾರ್ಟರು ಮೋಟಾರು ಇಲ್ಲ. ಎಂಜಿನು ಓಡುವಾಗ ವಿದ್ಯುತ್ತನ್ನು ಹುಟ್ಟಿಸುವ ದೊಡ್ಡ ಜನರೇಟರೇ, ಹೊರಡುವ ಕ್ಷಣದಲ್ಲಿ ಬ್ಯಾಟರಿಯಿಂದ ವಿದ್ಯುತ್ತು ಪಡೆದು ಮೋಟಾರಾಗಿ ತಿರುಗಿ, ಎಂಜಿನನ್ನೂ ತಿರುಗಿಸುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಹರಿಯುವ ವಿದ್ಯುತ್ತು ಸಾವಿರ ಆಂಪಿಯರನ್ನೂ ಮೀರುತ್ತದೆ. ನಿಮ್ಮ ಮನೆಯ ದೀಪದ ಸಾಲಿನ ಫ್ಯೂಸು ಐದು ಆಂಪಿಯರಿಗೇ ಕರಗುತ್ತದೆ ಎಂದರೆ ಇದರ ಪ್ರಮಾಣ ಅರಿವಾದೀತು.

ಮೂಲದಲ್ಲಿ ಇದಕ್ಕೆ ಕೊಟ್ಟಿದ್ದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಎಂಟು ಪೆಟ್ಟಿಗೆ, ಒಂದೊಂದರಲ್ಲಿ ನಾಲ್ಕು ಕೋಶ, ಒಟ್ಟು 32 ಕೋಶ; ಕೋಶಕ್ಕೆ ಎರಡು ವೋಲ್ಟಿನಂತೆ 64 ವೋಲ್ಟು. ಶಕ್ತಿ 450 ಆಂಪಿಯರ್-ಗಂಟೆ. ಈ ಕೊನೆಯ ಅಂಕಿಯನ್ನು ನೋಡಿಯೇ ಬಹಳ ಜನ ಮೋಸಹೋಗುತ್ತಾರೆ. ಇದು ಹತ್ತು ಗಂಟೆಯ ಲೆಕ್ಕ. 45 ಆಂಪಿಯರಿನಂತೆ ಹತ್ತು ಗಂಟೆಯ ಕಾಲ ಕೊಡಬಲ್ಲದು ಎಂದು ಅರ್ಥ. ಹಾಗೆಂದು 450 ಆಂಪಿಯರನ್ನು ಒಂದು ಗಂಟೆಯ ಕಾಲ ಕೊಟ್ಟೀತೆಂದು ತಿಳಿಯಬೇಡಿ. ಭಾರಿ ಪ್ರಮಾಣದಲ್ಲಿ ಎಳೆದಾಗ ಫಲಕಗಳ ಸಣ್ಣ ಸಣ್ಣ ರಂಧ್ರಗಳೊಳಕ್ಕೆ ಆಮ್ಲ ಅಷ್ಟೇ ಬೇಗ ನುಗ್ಗಲಾರದು, ವೋಲ್ಟು ಕುಸಿಯುತ್ತದೆ.

ಇದನ್ನು ಮನೆಯ ಇನ್ವರ್ಟರಿನ ಬ್ಯಾಟರಿಯೊಡನೆ ಹೋಲಿಸಿ ನೋಡಿ. ಅದರ ಫಲಕಗಳು ದಪ್ಪ. ದೀಪ, ಫ್ಯಾನುಗಳಿಗೆ ನಿಧಾನವಾಗಿ ಗಂಟೆಗಟ್ಟಲೆ ಕೊಡಲು ಮಾಡಿದ್ದು. ಎಂಜಿನು ತಿರುಗಿಸುವ ಬ್ಯಾಟರಿಯಲ್ಲಿ ಅದೇ ಸೀಸವನ್ನು ತೆಳ್ಳಗಿನ ಅನೇಕ ಫಲಕಗಳಾಗಿ ಹರಡಿ ಆಮ್ಲಕ್ಕೆ ತಗಲುವ ಮೈಯನ್ನು ಹೆಚ್ಚಿಸಿರುತ್ತಾರೆ. ಎರಡರ ಮೇಲೂ ಒಂದೇ ಆಂಪಿಯರ್-ಗಂಟೆ ಬರೆದಿದ್ದರೂ ಕೆಲಸ ಒಂದೇ ಅಲ್ಲ. ಹೀಗಾಗಿ ಅಂಗಡಿಯವನನ್ನು ಕೇಳಬೇಕಾದದ್ದು, ಕೆಲವು ಸೆಕೆಂಡುಗಳ ಮಟ್ಟಿಗೆ ಎಷ್ಟು ಆಂಪಿಯರು ಕೊಡುತ್ತದೆ, ಆಗ ವೋಲ್ಟು ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು. ಮೋಟಾರು ಗಾಡಿಯ ಬ್ಯಾಟರಿಗಳ ಮೇಲೆ ಬರೆಯುವ ಕೋಲ್ಡ್ ಕ್ರ್ಯಾಂಕಿಂಗ್ ಅಂಕಿ ಇಂಥದ್ದೇ. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, 30 ಸೆಕೆಂಡು ಕಾಲ, ಕೋಶವೊಂದಕ್ಕೆ 1.2 ವೋಲ್ಟಿಗಿಂತ ಕಡಿಮೆಯಾಗದಂತೆ ಕೊಡಬಲ್ಲ ಆಂಪಿಯರು. ನಮಗೆ ಅಷ್ಟು ಚಳಿಯಿಲ್ಲ. ಆದರೂ ಎರಡು ಬ್ಯಾಟರಿಗಳನ್ನು ತೂಗಿ ನೋಡುವುದಕ್ಕೆ ಅದು ಒಳ್ಳೆಯ ತಕ್ಕಡಿ.

ಇನ್ನು ವೋಲ್ಟಿನ ಮಾತು. ಹೆಚ್ಚು ಹಣ ನೀರಿನಂತೆ ಹರಿದುಹೋಗುವುದು ಇಲ್ಲಿ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಾಲ್ಕು ಕೋಶದ, ಎಂಟು ವೋಲ್ಟಿನ ಪೆಟ್ಟಿಗೆ ಎಲ್ಲ ಅಂಗಡಿಯಲ್ಲೂ ಸಿಕ್ಕುವುದಿಲ್ಲ. ಲಾರಿಗೆ ಹಾಕುವ 12 ವೋಲ್ಟಿನದು ಬೀದಿಬೀದಿಯಲ್ಲಿ ಸಿಕ್ಕುತ್ತದೆ. ಎಂಜಿನಿನ ಚಿಕ್ಕ ಡೈನಮೊ, ಎಂದರೆ ಬ್ಯಾಟರಿಯನ್ನು ತುಂಬುವ ಯಂತ್ರ, 72 ವೋಲ್ಟು ಕೊಡುತ್ತದೆ. ಆರು ಹನ್ನೆರಡಲೆ ಎಪ್ಪತ್ತೆರಡು. ಲೆಕ್ಕ ಸರಿಯಾಗಿ ಕೂಡಿಬಂತೆಂದು ಆರು ಲಾರಿ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿಬಿಡುವ ಆಸೆ ಯಾರಿಗಾದರೂ ಬರಬಹುದು. ಆದರೆ ಆರು ಬ್ಯಾಟರಿ ಎಂದರೆ 36 ಕೋಶ. 72ನ್ನು 36ರಿಂದ ಭಾಗಿಸಿ: ಕೋಶಕ್ಕೆ ಬರುವುದು ಬರಿಯ ಎರಡು ವೋಲ್ಟು. ತುಂಬಿದ ಕೋಶ ಸುಮ್ಮನೆ ಕೂತಾಗಲೇ 2.1 ವೋಲ್ಟು ತೋರಿಸುತ್ತದೆ. ತಗ್ಗಿನಲ್ಲಿರುವ ತೊಟ್ಟಿಯಿಂದ ಎತ್ತರದ ತೊಟ್ಟಿಗೆ ನೀರು ತಾನಾಗಿ ಏರುವುದುಂಟೆ? ಎಂಜಿನು ಇಡೀ ದಿನ ಓಡಿದರೂ ಈ ಬ್ಯಾಟರಿ ತುಂಬುವುದಿಲ್ಲ. ಅರೆಬರೆ ತುಂಬಿದ ಸ್ಥಿತಿಯಲ್ಲೇ ಉಳಿದ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕಟ್ಟಿಕೊಂಡು ಅವು ಸಾಯುತ್ತವೆ.

ಹಾಗಾದರೆ ಐದು ಸಾಕೆ? ಐದೆಂದರೆ 30 ಕೋಶ, ಕೋಶಕ್ಕೆ 2.4 ವೋಲ್ಟು. ಬೇಗ ತುಂಬುತ್ತದೆ ನಿಜ. ತುಂಬಿದ ಮೇಲೂ ತುರುಕುತ್ತಲೇ ಇರುತ್ತದೆ. ನೀರು ಒಡೆದು ಅನಿಲವಾಗಿ ಹಾರಿಹೋಗುತ್ತದೆ. ಮುಚ್ಚಿದ ಬಗೆಯ ಬ್ಯಾಟರಿಯಾದರೆ ನೀರನ್ನು ಮತ್ತೆ ಹೊಯ್ಯಲು ದಾರಿಯೂ ಇಲ್ಲ. ಮೂಲದ 32 ಕೋಶಕ್ಕೆ ಮಾತ್ರ 72 ವೋಲ್ಟನ್ನು ಹಂಚಿದರೆ 2.25 ಬರುತ್ತದೆ, ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಕಾಪಾಡಲು ತಕ್ಕ ಅಳತೆ ಅದು. ಹಿಂದಿನ ಎಂಜಿನಿಯರುಗಳು 32 ಎಂದದ್ದು ಸುಮ್ಮನೆ ಅಲ್ಲ. ಡೈನಮೊದ ವೋಲ್ಟನ್ನೇ ಏರಿಸಿದರಾಗದೆ ಎಂದು ನೀವು ಕೇಳಬಹುದು. 36 ಕೋಶಕ್ಕೆ 81 ವೋಲ್ಟು ಬೇಕು. ಅದೇ ತಂತಿಯ ಮೇಲೆ ದೀಪಗಳೂ, ಎಣ್ಣೆ ಪಂಪಿನ ಮೋಟಾರೂ, ರಿಲೇಗಳೂ ಇವೆ; ಅವು 72ಕ್ಕೆ ಮಾಡಿದವು. ಆದಕಾರಣ ಎರಡು ವೋಲ್ಟಿನ ಬಿಡಿ ಕೋಶಗಳನ್ನಾಗಲಿ ಎಂಟು ವೋಲ್ಟಿನ ಪೆಟ್ಟಿಗೆಗಳನ್ನಾಗಲಿ ಹುಡುಕಿ ತಂದು 32ನ್ನು ಪೂರೈಸುವುದೇ ಮೇಲು. ಹಳೆಯ ಎಂಜಿನಿನಲ್ಲಿ ನಡುವೆ ಯಾರಾದರೂ ಮಾರ್ಪಾಡು ಮಾಡಿದ್ದಾರೆಯೋ ಎಂದು ಮೀಟರು ಹಿಡಿದು ಅಳೆದ ಮೇಲೆಯೇ ಹಣ ಬಿಚ್ಚಿ.

ಜಾತಿಯ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ನೀರು ಹೊಯ್ಯುವ ಹಳೆಯ ಬಗೆಯದು ಆರೈಕೆ ಬೇಡುತ್ತದೆ, ಆದರೆ ಒಂದಿಷ್ಟು ಒರಟುತನವನ್ನು ಸಹಿಸುತ್ತದೆ. ಹಳೆಯ ರೆಗ್ಯುಲೇಟರಿನ ಜೊತೆ ಬಾಳುವುದಕ್ಕೆ ಅದೇ ಲೇಸೆಂದು ನನ್ನ ಎಣಿಕೆ. ಮುಚ್ಚಿದ ಬಗೆಯದು ಅನುಕೂಲ. ಸೆಖೆಯನ್ನೂ ಅತಿಚಾರ್ಜನ್ನೂ ಸಹಿಸದು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ದೀರ್ಘಾಯು, ಬೆಲೆ ಹೆಚ್ಚು, ಕೋಶಕ್ಕೆ 1.2 ವೋಲ್ಟಾದ್ದರಿಂದ ಎಣಿಕೆ ಸುಮಾರು 50ಕ್ಕೆ ಏರುತ್ತದೆ. ಅದರೊಳಗಿರುವುದು ಕ್ಷಾರ, ಆಮ್ಲಕ್ಕೆ ಮುಳುಗಿಸಿದ ಹೈಡ್ರೋಮೀಟರು, ಆಲಿಕೆಗಳನ್ನು ಅದರ ಹತ್ತಿರಕ್ಕೂ ತರಬಾರದು. ಲಿಥಿಯಂ ಹಗುರ, ನಿಜ. ಆದರೆ ಅದರ ಕಾವಲು ಮಂಡಲ ಸಾವಿರ ಆಂಪಿಯರು ಕಂಡೊಡನೆ ಬಾಗಿಲು ಹಾಕಿಕೊಂಡರೆ ಎಂಜಿನು ನಿಂತಲ್ಲೇ ನಿಲ್ಲುತ್ತದೆ. ಇನ್ನು ನೂರು ಟನ್ನಿನ ಗಾಡಿಗೆ ತೂಕ ಇಳಿಸಿ ಆಗಬೇಕಾದ್ದೇನು?

ಟಾರ್ಚಿಗೆ ಒಂದು ಹಳೆಯ ಸೆಲ್ಲು, ಒಂದು ಹೊಸ ಸೆಲ್ಲು ಹಾಕಿದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಇಲ್ಲಿಯೂ ಹಾಗೆಯೇ. ಎಂಟು ಪೆಟ್ಟಿಗೆಗಳಲ್ಲಿ ಎರಡು ಕೆಟ್ಟವೆಂದು ಎರಡನ್ನೇ ಬದಲಿಸಿದರೆ ದುರ್ಬಲವಾದವು ಸಾಲನ್ನೆಲ್ಲ ಹಿಂದಕ್ಕೆಳೆಯುತ್ತವೆ. ಒಂದೇ ತಯಾರಿಕೆಯ, ಒಂದೇ ತಿಂಗಳಿನ ಜೊತೆಯನ್ನು ಕೊಳ್ಳಬೇಕು. ಮಳಿಗೆಯಲ್ಲಿ ಬಹುಕಾಲ ಕೂತ ಸರಕು ಬೇಡ.

ಕೊಳ್ಳುವ ಮುನ್ನ ಹಳೆಯದು ನಿಜವಾಗಿ ಕೆಟ್ಟಿದೆಯೇ ಎಂದೂ ನೋಡಬೇಕು. ಸಾವಿರ ಆಂಪಿಯರು ಹರಿಯುವಾಗ, ತುಕ್ಕು ಹಿಡಿದ ಒಂದು ಕೂಡುಗಟ್ಟು ಓಮಿನ ನೂರರಲ್ಲೊಂದು ಪಾಲು ತಡೆಯೊಡ್ಡಿದರೂ ಹತ್ತು ವೋಲ್ಟು ಅಲ್ಲೇ ನುಂಗಿಹೋಗುತ್ತದೆ. ಎಷ್ಟೋ ವೇಳೆ ಬ್ಯಾಟರಿಯ ಮೇಲೆ ಹೊರಿಸಿದ ಅಪರಾಧ ಕೊಳೆಯಾದ ಟರ್ಮಿನಲಿನದಾಗಿರುತ್ತದೆ. ಉಜ್ಜಿ, ಬಿಗಿದು, ವ್ಯಾಸಲಿನ್ ಸವರಿ, ಮತ್ತೊಮ್ಮೆ ಪ್ರಯತ್ನಿಸಿ ನೋಡಿ. ತುಂಬುವಾಗ ಹೊರಡುವ ಜಲಜನಕ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆಯ ಗಾಳಿಕಿಂಡಿ ಮುಚ್ಚಿರಬಾರದು, ಹತ್ತಿರ ಬೀಡಿ ಕೂಡದು.

ರೈಲ್ವೆಯಲ್ಲಿ ದುಡಿಯುತ್ತಿದ್ದಾಗ ಈ ಎಂಜಿನುಗಳನ್ನು ಗಂಟೆಗಟ್ಟಲೆ ಸುಮ್ಮನೆ ಓಡಬಿಡುವ ರೂಢಿಯಿತ್ತು; ನಿಲ್ಲಿಸಿದರೆ ಮತ್ತೆ ಎದ್ದೀತೋ ಇಲ್ಲವೋ ಎಂಬ ಭಯವೂ ಅದಕ್ಕೊಂದು ಕಾರಣ. ಸಂಗ್ರಹದ ಎಂಜಿನಿನ ಪಾಡು ಇದಕ್ಕೆ ತಿರುಗುಮುರುಗು: ತಿಂಗಳುಗಟ್ಟಲೆ ನಿಂತೇ ಇರುತ್ತದೆ. ನಿಲ್ಲಿಸುವಾಗ ಬ್ಯಾಟರಿಯ ನೈಫ್ ಸ್ವಿಚ್ಚನ್ನು ಎಳೆದು ಬೇರ್ಪಡಿಸಬೇಕು. ತಿಂಗಳಿಗೊಮ್ಮೆ ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಬೇಕು. ಬೇಸಗೆಯಲ್ಲಿ ಇನ್ನೂ ಬೇಗ, ಏಕೆಂದರೆ ಸೆಖೆ ಏರಿದಷ್ಟೂ ತಾನಾಗಿ ಸೋರಿಹೋಗುವುದು ಹೆಚ್ಚುತ್ತದೆ. 32 ಕೋಶಗಳಿಗೂ ಒಂದೊಂದು ನಂಬರು ಕೊಟ್ಟು, ಆಮ್ಲದ ಸಾಂದ್ರತೆಯನ್ನೂ ವೋಲ್ಟನ್ನೂ ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡಿ. ಕೆಡಲಿರುವ ಕೋಶ ಆ ಪುಟದಲ್ಲಿ ವಾರಗಳ ಮೊದಲೇ ಕಾಣಿಸಿಕೊಳ್ಳುತ್ತದೆ. ಬಿಚ್ಚಿದ ಹಳೆಯವನ್ನು ಗುಜರಿಯವನಿಗೆ ಕೊಟ್ಟರೆ ಆಮ್ಲ ಚರಂಡಿಗೆ, ಸೀಸ ಯಾರದೋ ಹಿತ್ತಲ ಒಲೆಗೆ. ಹೊಸದನ್ನು ಮಾರಿದವನೇ ಅವನ್ನು ಹಿಂದಕ್ಕೆ ಒಯ್ದು ಅಂಗೀಕೃತ ಕಾರ್ಖಾನೆಗೆ ಸೇರಿಸುವಂತೆ ಕೊಳ್ಳುವಾಗಲೇ ಬರೆಸಿಕೊಳ್ಳಿ.