ಯಾವ ಇಲಿ, ಯಾವ ನೆನಪು?



ಹರಿದಾಸ ಕವಯಿತ್ರಿ ಗಲಗಲಿ ಅವ್ವನವರ ಊರಲ್ಲಿ, ಕೃಷ್ಣೆಯ ದಂಡೆಯಲ್ಲಿ ಈ ಅಧ್ಯಕ್ಷರ ಕುರ್ಚಿ ಕೊಟ್ಟಿದ್ದೀರಿ. ಇನ್ನು ನೇರ ಇಲಿಗೆ ಬರುತ್ತೇನೆ.

ಇಲಿಗಳ ಮೇಲಿನ ನಮ್ಮ ಪ್ರಬಂಧಗಳಲ್ಲಿ ನೆನಪು ಅಂದರೆ ಒಂದೇ ಮುದ್ದೆ. ಆದರೆ ನೆನಪು ಎರಡು ಬಗೆ. ಹೊಲದ ಬಾವಿ ಎಲ್ಲಿದೆ ಎನ್ನುವುದು ರೈತನ ಕಾಯಂ ನೆನಪು. ಇವತ್ತು ಯಾವ ಸಾಲಿಗೆ ನೀರು ಹಾಯಿಸಿಯಾಯಿತು ಎನ್ನುವುದು ಆ ಹೊತ್ತಿನ ನೆನಪು, ನಾಳೆಗೆ ಅದು ಬೇಡ. ಓಲ್ಟನ್ ಮತ್ತು ಸ್ಯಾಮ್ಯುಯೆಲ್ಸನ್ 1976ರಲ್ಲಿ ಬಳಕೆಗೆ ತಂದ ಎಂಟು ತೋಳಿನ ವ್ಯೂಹದಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಅಳೆಯಬಹುದು. ನಾಲ್ಕು ತೋಳಿಗಷ್ಟೇ ತಿನಿಸಿಡಿ. ಎಂದೂ ತಿನಿಸಿಲ್ಲದ ತೋಳಿಗೆ ಹೋದರೆ ಕಾಯಂ ನೆನಪಿನ ತಪ್ಪು. ಈಗಷ್ಟೇ ತಿಂದು ಬಂದ ತೋಳಿಗೇ ಮರಳಿದರೆ ಹೊತ್ತಿನ ನೆನಪಿನ ತಪ್ಪು. ನಾವು ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಕೈ ತೊಳೆದುಕೊಳ್ಳುತ್ತೇವೆ.

ಅದಕ್ಕಿಂತ ದೊಡ್ಡ ತಪ್ಪು ತಳಿಯದು. ಹದಿನೆಂಟು ವರ್ಷದಿಂದ ನಾನು ಜಗಳಾಡುತ್ತಿರುವುದು ಇದೊಂದಕ್ಕೇ. ನನ್ನ ವಿದ್ಯಾರ್ಥಿಯೊಬ್ಬರು ಮಾರಿಸ್ ನೀರಿನ ಪರೀಕ್ಷೆ ಮಾಡುತ್ತಿದ್ದರು. ದುಂಡನೆಯ ತೊಟ್ಟಿ, ಹಾಲಿನ ಪುಡಿ ಕದಡಿದ ನೀರು, ಮೇಲ್ಮೈಯಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಮುಚ್ಚಿಟ್ಟ ಮಣೆ. ಗೋಡೆಗೆ ಅಂಟಿಸಿದ ಚಿತ್ರಗಳ ಗುರುತು ಹಿಡಿದು ಇಲಿ ಮಣೆ ಹುಡುಕಬೇಕು. ನಮ್ಮ ಬಿಳಿ ವಿಸ್ಟಾರ್ ಇಲಿ ತೊಟ್ಟಿಯ ಅಂಚಿಗೇ ಮೀಸೆ ತಾಗಿಸಿಕೊಂಡು ಸುತ್ತು ಹೊಡೆಯಿತು. ಕೆಂಪು ಕಣ್ಣು, ಅತ್ತಿತ್ತ ತೂಗುವ ತಲೆ. "ಸ್ಮರಣಶಕ್ತಿ ಕುಂದಿದೆ" ಎಂದು ಬರೆದೆವು. ನಾನೇ ಸಹಿ ಹಾಕಿದೆ. ಆಮೇಲೆ ಯಾಕೋ ಮನಸ್ಸು ತಡೆಯದೆ ಮಣೆಯನ್ನು ನೀರಿನ ಮೇಲಕ್ಕೆತ್ತಿ, ಕರಿ ಬಾವುಟ ಸಿಕ್ಕಿಸಿ ಮತ್ತೆ ಬಿಟ್ಟೆ. ಆಗಲೂ ಇಲಿ ಅದರ ಪಕ್ಕದಲ್ಲೇ ಹಾದುಹೋಯಿತು. ಎದುರಿಗೆ ಕಾಣುವಂತಿಟ್ಟ ಮಣೆಯನ್ನೂ ಹಿಡಿಯದ ಇಲಿಗೆ ಮರೆವು ಎಂದು ಹೆಸರಿಟ್ಟಿದ್ದೆವು!

ಪ್ರಬಂಧ ತಿದ್ದಬೇಕು ಎಂದಾಗ ಮೇಲಿನವರೊಬ್ಬರು, "ಇಲಿ ಅಂದ್ರ ಇಲಿ, ಅದಕ್ಯಾಕ್ರೀ ಕುಲ-ಗೋತ್ರ?" ಎಂದು ನಕ್ಕರು. ಹೆಸರು ಬೇಡ. ಆ ನಗು ಮಾತ್ರ ನನಗಿನ್ನೂ ಮರೆತಿಲ್ಲ.

ಕುಲ-ಗೋತ್ರ ಬೇಕು ಸ್ವಾಮಿ. ವಿಸ್ಟಾರ್ 1906ರಿಂದ ಫಿಲಡೆಲ್ಫಿಯಾದಲ್ಲಿ ಬೆಳೆದ ಬಿಳಿ ತಳಿ. ಅದರ ಹೆಣ್ಣಿಗೆ ಕಾಡು ಗಂಡು ಕೂಡಿಸಿ 1915ರ ಸುಮಾರಿಗೆ ಬರ್ಕ್‌ಲಿಯಲ್ಲಿ ಪಡೆದದ್ದು ಲಾಂಗ್-ಎವಾನ್ಸ್: ತಲೆ-ಹೆಗಲು ಕಪ್ಪು, ಕಣ್ಣೂ ಕಪ್ಪು. ಬಿಳಿ ಇಲಿಯ ನೋಟದ ಚುರುಕು ಇದರ ಅರ್ಧದಷ್ಟು. 2002ರಲ್ಲಿ ಕೆನಡಾದ ಹಾರ್ಕರ್ ಮತ್ತು ವಿಶಾ ನೀರಿನಲ್ಲಿ ಎರಡು ಪರೀಕ್ಷೆ ಕೊಟ್ಟರು. ಒಂದರಲ್ಲಿ ಮಣೆ ಒಂದೇ ಜಾಗದಲ್ಲಿ. ಇನ್ನೊಂದರಲ್ಲಿ ಜಾಗ ಬದಲಾಗುತ್ತದೆ, ಒಮ್ಮೆ ಕಂಡುಕೊಂಡದ್ದನ್ನು ಮರುಸಲ ನೆನಪಿನಿಂದ ಹಿಡಿಯಬೇಕು. ಬಿಳಿ ತಳಿಗಳಾದ ವಿಸ್ಟಾರ್, ಸ್ಪ್ರಾಗ್-ಡಾಲಿ ಹಿಂದೆ ಬಿದ್ದವು. ಕಣ್ಣೊಂದೇ ಕಾರಣವೂ ಅಲ್ಲ: ಒಳಸಂಬಂಧದಲ್ಲೇ ಬೆಳೆಸಿದ ಡಾರ್ಕ್ ಅಗೂಟಿಗೆ ಬಣ್ಣವಿದ್ದರೂ ಅದೂ ಹಿಂದೆ ಬಿತ್ತು. ಆದರೆ ಕಾಡು ಇಲಿ ಲಾಂಗ್-ಎವಾನ್ಸ್‌ಗೆ ಸರಿಸಾಟಿ. ಎಂದರೆ, ಸಾಕಿದ್ದರಿಂದ ಇಲಿ ದಡ್ಡವಾಗಲಿಲ್ಲ. ಬಣ್ಣ ಕಳೆದದ್ದು, ರಕ್ತ ಕಟ್ಟಿಹಾಕಿದ್ದು ಪೆಟ್ಟು ಕೊಟ್ಟಿತು. ಹೀಗಿರುವಾಗ ಅಲ್ಲಿಯ ಲಾಂಗ್-ಎವಾನ್ಸ್ ಅಂಕಿಯ ಪಕ್ಕದಲ್ಲಿಟ್ಟು ನಮ್ಮ ವಿಸ್ಟಾರನ್ನು ತೂಗುವುದು ಯಾವ ನ್ಯಾಯ?

ವಿಸ್ಟಾರ್ ಬೇಡವೆನ್ನುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಆ ತಳಿಯಲ್ಲೇ, ದಿನಕ್ಕೆ 6 ತಾಸಿನಂತೆ 21 ದಿನ ಕಟ್ಟಿಹಾಕಿದ ಇಲಿಗೆ ವ್ಯೂಹದಲ್ಲಿ ಕಲಿಕೆ ಕುಂದುವುದನ್ನು ತೋರಿಸಿದ್ದಾರೆ. ಅಲ್ಲಿ ವಿಸ್ಟಾರಿಗೆ ವಿಸ್ಟಾರೇ ಜೋಡಿ. ನನ್ನ ತಕರಾರೂ ಅಷ್ಟೇ.

ಮರೆವಲ್ಲದ್ದನ್ನು ಮರೆವು ಎನ್ನುವ ಈ ತಪ್ಪು ಈ ಭಾಗದವರಿಗೆ ಬೇಗ ತಿಳಿಯಬೇಕು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟ ಅಜ್ಜ ಪುನರ್ವಸತಿ ಕೇಂದ್ರದ ಒಂದೇ ತೆರನ ಓಣಿಗಳಲ್ಲಿ ದಾರಿ ತಪ್ಪಿದರೆ ಮರೆಗುಳಿ ಎನ್ನುತ್ತೇವೆ. ಮುಳುಗಿದ ಊರಿನ ದಾರಿ ಕೇಳಿ ನೋಡಿ, ಗುಡಿ, ಗರಡಿಮನೆ, ಬೇವಿನಮರ ಒಂದೂ ತಪ್ಪದೆ ಹೇಳುತ್ತಾನೆ. ನಾವು ಕೇಳಿದ ಪ್ರಶ್ನೆ ತಪ್ಪು.

ನನ್ನ ಸೂಚನೆಗಳು: ಒಂದು, ತಳಿ, ತಂದ ಜಾಗ, ಲಿಂಗ, ವಯಸ್ಸು, ಕಣ್ಣಿನ ಬಣ್ಣ ಮೊದಲ ಪುಟದಲ್ಲೇ ಇರಲಿ. ಎರಡು, ಕಾಣುವ ಮಣೆಯ ಪರೀಕ್ಷೆಯಿಲ್ಲದೆ ಯಾವ ಇಲಿಗೂ ಮರೆವಿನ ಹಣೆಪಟ್ಟಿ ಬೇಡ. ಮೂರು, ಎರಡು ನೆನಪಿನ ತಪ್ಪುಗಳಿಗೆ ಎರಡು ಕಾಲಂ. ನಾಲ್ಕು, ಕಾಲೇಜಿಗೊಂದು ಹರಕು ತೊಟ್ಟಿಯ ಬದಲು ಜಿಲ್ಲೆಗೊಂದು ಒಳ್ಳೆಯ ತೊಟ್ಟಿ, ಮೇಲೊಂದು ಕ್ಯಾಮೆರಾ. ಐದನೆಯದು ಬರೀ ಆಸೆ: ಬಾಗಲಕೋಟೆಯಲ್ಲಿ ಕರಿಗಣ್ಣಿನ ಇಲಿಗಳದೊಂದು ಸಾಕಣೆ ಮನೆ. ಅದರ ಉದ್ಘಾಟನೆಗೆ ನಾನಿರುತ್ತೇನೋ ಇಲ್ಲವೋ, ಅಂದು ನಕ್ಕವರನ್ನು ಮಾತ್ರ ಮುಂದಿನ ಸಾಲಿನಲ್ಲಿ ಕೂರಿಸಿ.

ಮೊದಲ ಮೂರಕ್ಕೆ ದುಡ್ಡು ಬೇಕಿಲ್ಲ. ರೊಟ್ಟಿ ಊಟಕ್ಕೆ ಏಳುವ ಮೊದಲು ಆ ಮೂರರ ಠರಾವಿಗೆ ಕೈ ಎತ್ತಿ. ನನ್ನ ಸಹಿಯಿದ್ದ ಆ ಹಳೆಯ ಪ್ರಬಂಧದ ತಿದ್ದುಪಡಿ ಕಿಸೆಯಲ್ಲಿದೆ; ಮೊದಲ ಪುಟ ಅದೇ ಆಗಲಿ.