ಮುಟ್ಟದೆ ಅರಿಯುವ ಬೆಂಕಿ



ಜ್ವಾಲೆಯ ಉಷ್ಣತೆ ಎಷ್ಟು, ಅದರೊಳಗೆ ಯಾವ ಅನಿಲಗಳಿವೆ? ಪ್ರಶ್ನೆ ಸರಳ, ಉತ್ತರ ಕಠಿಣ. ಲೋಹದ ತಂತಿಗಳ ಉಷ್ಣಮಾಪಕವನ್ನು ಜ್ವಾಲೆಯೊಳಗಿಟ್ಟರೆ ಅದು ಅನಿಲದ ಹರಿವನ್ನು ಕದಡುತ್ತದೆ. ತಾನೇ ಶಾಖವನ್ನು ಹೊರಸೂಸುವುದರಿಂದ ನಿಜಕ್ಕಿಂತ ಕಡಿಮೆ ಉಷ್ಣತೆಯನ್ನು ತೋರಿಸುತ್ತದೆ.

ಒಲೆಯ ಮೇಲೆ ಉಪ್ಪುನೀರು ಉಕ್ಕಿದಾಗ ನೀಲಿ ಜ್ವಾಲೆ ಹಳದಿಯಾಗುವುದನ್ನು ತಾಯಂದಿರೆಲ್ಲ ಕಂಡಿದ್ದಾರೆ. ಅದು ಸೋಡಿಯಂನ ಗುರುತು. ಇಂತಹ ಬಣ್ಣಗಳಿಂದ ಧಾತುಗಳನ್ನು ಗುರುತಿಸುವ ವಿಧಾನವನ್ನು ಬುನ್ಸೆನ್ ಮತ್ತು ಕಿರ್ಖಾಫ್ 1860ರಲ್ಲಿ ಜರ್ಮನಿಯಿಂದ ಲೋಕಕ್ಕೆ ತಿಳಿಸಿದರು. ಆದರೆ ಗಾಳಿಯ ಬಹುಪಾಲಾದ ನೈಟ್ರೋಜನ್ ಹೀಗೆ ತನ್ನನ್ನು ತೋರಿಸಿಕೊಳ್ಳದು. ಅದನ್ನು ಮಾತನಾಡಿಸಲು ಹೊರಗಿನಿಂದ ಬೆಳಕು ಹೋಗಬೇಕು.

ಆ ದಾರಿಯನ್ನು ತೆರೆದವರು ಸರ್ ಸಿ. ವಿ. ರಾಮನ್. ಅಣುಗಳಿಂದ ಚದುರಿದ ಬೆಳಕಿನ ಅಲ್ಪಾಂಶವು ಬಣ್ಣ ಬದಲಿಸುತ್ತದೆಂದು 1928ರಲ್ಲಿ ಕಲ್ಕತ್ತೆಯಲ್ಲಿ ಅವರು ಕಂಡರು. ಈ ಬದಲಾವಣೆ ಒಂದೊಂದು ಅಣುವಿಗೂ ಒಂದೊಂದು ಬಗೆ. ಅನಿಲ ಬಿಸಿಯಾದಂತೆ ಹೆಚ್ಚು ಅಣುಗಳು ಕಂಪನದ ಮೇಲಿನ ಹಂತಗಳಿಗೆ ಏರುತ್ತವೆ; ಆಗ ವರ್ಣಪಟಲದ ಆಕಾರವೂ ಬದಲಾಗುತ್ತದೆ. ಹೀಗೆ ಒಂದೇ ಬೆಳಕು ಅಣುವಿನ ಹೆಸರನ್ನೂ ಉಷ್ಣತೆಯನ್ನೂ ಹೇಳುತ್ತದೆ.

ಆದರೆ ಆ ಬೆಳಕು ಅತಿ ಕ್ಷೀಣ. 1960ರಲ್ಲಿ ಲೇಸರ್ ಬಂದ ಬಳಿಕ ಈ ಕೊರತೆ ನೀಗತೊಡಗಿತು. ಫ್ರಾನ್ಸಿನ ಒನೆರಾ ಸಂಸ್ಥೆಯಲ್ಲಿ ತಾರಾನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಬೇರೆ ಬೇರೆ ಬಣ್ಣದ ಲೇಸರ್ ಕಿರಣಗಳನ್ನು ಅನಿಲದಲ್ಲಿ ಸಂಧಿಸುವಂತೆ ಮಾಡಿದರು. ಆಗ ಹುಟ್ಟುವ ರಾಮನ್ ಬೆಳಕು ಎಲ್ಲೆಡೆ ಚದುರದೆ ಕಿರಣವಾಗಿಯೇ ಹೊರಬರುತ್ತದೆ. ಲೇಸರಿನ ಒಂದು ಮಿಂಚು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ಇರಬಲ್ಲುದು. ಅಷ್ಟರಲ್ಲಿ ಕುಣಿಯುವ ಜ್ವಾಲೆಯೂ ನಿಂತಂತೆಯೇ ಸರಿ.

ಈ ಶ್ರಮವೇಕೆ? ಜ್ವಾಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಮೀರಿದರೆ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕ ಕೂಡಿ ವಿಷಕಾರಿ ಆಕ್ಸೈಡುಗಳು ವೇಗವಾಗಿ ಉಂಟಾಗುತ್ತವೆ. ಉರಿ ಅಪೂರ್ಣವಾದರೆ ಕಾರ್ಬನ್ ಮಾನಾಕ್ಸೈಡ್ ಉಳಿಯುತ್ತದೆ. ಎಂಜಿನ್ನು, ಕುಲುಮೆಗಳ ಯಾವ ಮೂಲೆಯಲ್ಲಿ ತಪ್ಪಾಗುತ್ತಿದೆ ಎಂದು ಅಳೆದು ತಿಳಿದರೆ ಮಾತ್ರ ತಿದ್ದಲು ಸಾಧ್ಯ. ನಮ್ಮ ಮಕ್ಕಳು ಉಸಿರಾಡುವ ಗಾಳಿಯ ಪ್ರಶ್ನೆಯಿದು.

ಗಡಿನಾಡಿನಲ್ಲಿ ಕನ್ನಡದಲ್ಲಿ ಓದಿದ ಮಗು ಮುಂದೆ ವಿಜ್ಞಾನವನ್ನು ಹೇಗೆ ಕಲಿತೀತೆಂದು ಪೋಷಕರು ಆತಂಕಪಡುವುದು ಸಹಜ. ಅಣು, ಕಂಪನ, ವರ್ಣಪಟಲ: ಇಂದು ನಾನು ಬಳಸಿದ ಈ ಮಾತುಗಳೆಲ್ಲ ಈ ಶಾಲೆಯ ತರಗತಿಗಳಲ್ಲಿ ದಿನವೂ ಕೇಳಿಬರುವಂಥವು. ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಸ್ಪಷ್ಟವಾಗಿ ಕೇಳಬಲ್ಲ ಮಗುವಿಗೆ ಇಂಗ್ಲಿಷಿನ ಹೆಸರುಗಳನ್ನು ಕಲಿಯುವುದು ಆಮೇಲಿನ ಕೆಲಸ. ಕೇಳುವ ಆ ಧೈರ್ಯವನ್ನು ಈ ಶಾಲೆ ಎರಡನೆಯ ಶತಮಾನದಲ್ಲಿಯೂ ಕಲಿಸಲಿ.